ಸೊಂಟ ಹಿಡ್ಕೊಂಡಿತ್ತು, ಈಗ ಕಾಲು ಜುಮ್ ಅಂತಿದೆ

ಪ್ರಶ್ನೆ: ಡಾಕ್ಟ್ರೇ, ನಂಗೆ 41 ವರ್ಷ. ಮೂರು ವಾರದ ಹಿಂದೆ 20 ಲೀಟರಿನ ನೀರಿನ ಕ್ಯಾನ್ ಎತ್ತೋಕ್ ಹೋಗಿ ಸೊಂಟ ಕಳಕ್ ಅಂತು, ಬಗ್ಗಿದವನು ಬಗ್ಗಿದ ಹಾಗೇ ನಿಂತುಬಿಟ್ಟೆ. ಈಗ ಸೊಂಟ ಪರವಾಗಿಲ್ಲ, ಆದ್ರೆ ಎಡಗಡೆ ಕೂರೋ ಜಾಗದಿಂದ ಮೀನಖಂಡದ ಹಿಂದೆ ಇಳಿದು ಕಿರುಬೆರಳವರೆಗೂ ಕರೆಂಟ್ ಹೊಡೆದ ಹಾಗಾಗುತ್ತೆ, ಕೆಮ್ಮಿದ್ರೆ ಇನ್ನೂ ಜೋರು. ಕಾಲು ಮುಂದಾಗಿ ಹುಟ್ಟಿದವರ ಹತ್ರ ತುಳಿಸ್ಕೊಂಡು ಬಾ ಅಂತ ಅಮ್ಮ, ಎಂಆರ್‌ಐ ಮಾಡಿಸು ಅಂತ ಫ್ರೆಂಡು. ನಾನು ಮೆಡಿಕಲ್ ಶಾಪಿನ ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ನುಂಗ್ಕೊಂಡು ಮಲಗಿದೀನಿ. ಏನ್ ಮಾಡ್ಲಿ?

ಉತ್ತರ: ಮೊದಲು ಹಾಸಿಗೆ ಬಿಡಿ ಮಾರಾಯ್ರೇ. ಅವತ್ತು ಆಗಿದ್ದು ಬೇರೆ, ಈಗಿರೋದು ಬೇರೆ. ಒಳಗೆ ಪೆಟ್ಟಾದ ತಕ್ಷಣ ಬೆನ್ನಿನ ಸ್ನಾಯುಗಳು ಅಲ್ಲಾಡಬೇಡ ಅಂತ ಬಿಗಿ ಹಿಡ್ಕೋತವೆ, ಅದೇ ಉಳುಕು, ಬಿಸಿನೀರಿನ ಬ್ಯಾಗಿಟ್ಟು ಸ್ವಲ್ಪ ಓಡಾಡಿದ್ರೆ ಸಾಮಾನ್ಯವಾಗಿ ಕೆಲವು ದಿನ, ಹೆಚ್ಚಂದ್ರೆ ಒಂದೆರಡು ವಾರದಲ್ಲಿ ಬಿಡುತ್ತೆ. ತುಳಿಸ್ಕೊಂಡು ಎದ್ದು ಹೋದವರದ್ದೂ ಬಹುಪಾಲು ಇದೇ ಕಥೆ, ತುಳಿಸದಿದ್ರೂ ಹೋಗ್ತಿತ್ತು. ಈಗ ಮಾತ್ರ ದಯವಿಟ್ಟು ಯಾರ ಕಾಲಿಗೂ ಬೆನ್ನು ಕೊಡ್ಬೇಡಿ.

ಯಾಕಂದ್ರೆ ನೀವು ಕಿರುಬೆರಳು ಅಂದ್ರಲ್ಲ, ನಂಗೆ ಅದೇ ಮುಖ್ಯ. ಹೆಬ್ಬೆರಳ ಕಡೆ ಜುಮ್ ಅಂದಿದ್ರೆ ಒಂದು ಮೆಟ್ಟಿಲು ಮೇಲಿನ ನರ ಅಂತಿದ್ದೆ, ಕಿರುಬೆರಳು ಅಂದ್ರೆ ಬೆನ್ನುಮೂಳೆಯ ಕಟ್ಟಕಡೇ ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಹತ್ರ ಕಾಲಿಗಿಳಿಯೋ ಎಸ್1 ಅನ್ನೋ ನರ ಕೆರಳಿರೋ ಸಾಧ್ಯತೆ ಜಾಸ್ತಿ. ಇದೇ ಸಯಾಟಿಕಾ. ಶಾಖ ಅಷ್ಟು ಒಳಗೆ ಹೋಗಲ್ಲ, ಟೈಮ್ ಬೇಕು, ಹೆಚ್ಚಿನವರಿಗೆ 6ರಿಂದ 12 ವಾರದಲ್ಲಿ ಆಪರೇಷನ್ ಇಲ್ದೇನೇ ತಗ್ಗುತ್ತೆ. ನೋವು ಮೀನಖಂಡ ಬಿಟ್ಟು ಸೊಂಟಕ್ಕೆ ವಾಪಸ್ ಬಂದ್ರೆ ಹೆದರ್ಬೇಡಿ, ಅದು ಒಳ್ಳೇ ಲಕ್ಷಣ.

ದಿನಕ್ಕೆ ನಾಲ್ಕೈದು ಸಲ ಹತ್ತತ್ತು ನಿಮಿಷ ನಡೀರಿ, ಒಂದೇ ಕಡೆ ಕೂರೋದು ಕಮ್ಮಿ ಮಾಡಿ, ಮಲಗುವಾಗ ಮಂಡಿ ಕೆಳಗೆ ದಿಂಬು ಇಡಿ, ಒಬ್ರು ಫಿಸಿಯೋಥೆರಪಿಸ್ಟ್ ನೋಡಿ. ಡೈಕ್ಲೋಫೆನಾಕ್‌ನ ಹೀಗೆ ವಾರಗಟ್ಟಲೆ ನಿಮ್ಮಷ್ಟಕ್ಕೆ ನುಂಗೋದು ಹೊಟ್ಟೆಗೂ ಕಿಡ್ನಿಗೂ ಕೆಟ್ಟದ್ದು, ಬಿಪಿ ಇದ್ರಂತೂ ಇನ್ನೂ. ಪ್ರೀಗಾಬಲಿನ್ ಅಂತ ನರದ ಮಾತ್ರೆ ಕೊಡೋರಿರ್ತಾರೆ, ಸಯಾಟಿಕಾಗೆ ಅದರಿಂದ ಅಂಥಾ ಲಾಭ ಕಂಡಿಲ್ಲ, ತಲೆಸುತ್ತು ಮಾತ್ರ ಗ್ಯಾರಂಟಿ ಅನ್ನೋ ಹಾಗಿರುತ್ತೆ. ಎಂಆರ್‌ಐ ಈಗ್ಲೇ ಬೇಡ. ನೋವೇ ಇಲ್ದಿರೋ ನಿಮ್ಮ ವಯಸ್ಸಿನವರನ್ನ ಮಲಗಿಸಿ ತೆಗೆದ್ರೂ ಸುಮಾರು ಜನಕ್ಕೆ ಡಿಸ್ಕ್ ಬಲ್ಜ್, ಅಂದ್ರೆ ಡಿಸ್ಕ್ ಉಬ್ಬಿದೆ ಅಂತಾನೇ ಬರುತ್ತೆ, ಆಮೇಲೆ ರಿಪೋರ್ಟ್ ಓದಿ ಓದಿ ನಿದ್ದೆ ಕೆಡೋದು ಬೇರೆ.

ಆದ್ರೆ ಮೂತ್ರ ಕಟ್ಟಿದ್ರೆ ಅಥವಾ ಗೊತ್ತಾಗದೇ ಹೋದ್ರೆ, ಸೈಕಲ್ ಸೀಟು ತಾಗೋ ಜಾಗ ಮರಗಟ್ಟಿದ್ರೆ, ಚಪ್ಪಲಿ ಕಾಲಿಂದ ಜಾರಿ ಹೋಗೋದೇ ಗೊತ್ತಾಗ್ದಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಅದೇ ರಾತ್ರಿ ದೊಡ್ಡಾಸ್ಪತ್ರೆಗೆ ಹೋಗಿ. ಇವತ್ತು ಒಂದು ಕೆಲ್ಸ ಮಾಡಿ. ಗೋಡೆ ಹಿಡ್ಕೊಂಡು ಬಲಗಾಲೊಂದ್ರಲ್ಲೇ ನಿಂತು ಹಿಮ್ಮಡಿ ಹತ್ತು ಸಲ ಎತ್ತಿ, ಆಮೇಲೆ ಎಡಗಾಲಲ್ಲಿ. ಎಡಗಾಲು ಮೂರ್ನಾಲ್ಕಕ್ಕೇ ಸೋತ್ರೆ ನನ್ನ ಉತ್ತರಕ್ಕೆ ಕಾಯದೇ ಈ ವಾರದಲ್ಲೇ ಮೂಳೆ ಡಾಕ್ಟ್ರಿಗೆ ತೋರಿಸಿ.