ಗಾಯ ಮಾಯಬೇಕಾದರೆ ನ್ಯಾಯವೂ ಬೇಕು

ಪ್ರಶ್ನೆ: ನಾನು ಸಮಾಜಕಾರ್ಯದ ತರಬೇತಿಯಲ್ಲಿದ್ದೇನೆ. ಹಿಂಸೆಯಿಂದ ನೊಂದ ಸಮುದಾಯಗಳು ಚೇತರಿಸಿಕೊಳ್ಳಲು ನೆರವಾಗುವ ಕೆಲಸದಲ್ಲಿ ನನಗೆ ಆಸಕ್ತಿ. ಸಾಂತ್ವನ ಬೇರೆ, ಸಾಮಾಜಿಕ ನ್ಯಾಯದ ಹೋರಾಟ ಬೇರೆ ಎಂದು ಸಹಪಾಠಿಗಳು ಹೇಳುತ್ತಾರೆ. ಎರಡನ್ನೂ ಒಟ್ಟಿಗೆ ಮಾಡಬಹುದೇ?

ಉತ್ತರ: ಮಾಡಬಹುದು; ಬೇರ್ಪಡಿಸಿ ಮಾಡುವುದೇ ಕಷ್ಟ. 1889ರಲ್ಲಿ ಗೆಳತಿಯೊಂದಿಗೆ ಷಿಕಾಗೋದಲ್ಲಿ ಹಲ್ ಹೌಸ್ ಎಂಬ ಸಮುದಾಯ ಸೇವಾ ಕೇಂದ್ರ ಆರಂಭಿಸಿದ ಸಮಾಜ ಸುಧಾರಕಿ ಜೇನ್ ಆಡಮ್ಸ್, ವಲಸಿಗರ ಮಕ್ಕಳಿಗೆ ಶಿಶುವಿಹಾರ ನಡೆಸುತ್ತಲೇ ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಕಾನೂನು ಬೇಕೆಂದು ಪಟ್ಟು ಹಿಡಿದರು.

ದಕ್ಷಿಣ ಆಫ್ರಿಕಾದ ಅನುಭವ ಇನ್ನೂ ಸ್ಪಷ್ಟ. ವರ್ಣಭೇದ ಆಡಳಿತದ ಕಾಲದ ದೌರ್ಜನ್ಯಗಳ ಸತ್ಯ ಹೊರತರಲು ರಚಿಸಿದ, ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ 21,000ಕ್ಕೂ ಹೆಚ್ಚು ಸಂತ್ರಸ್ತರು ಹೇಳಿಕೆ ನೀಡಿದರು. 1996ರಲ್ಲಿ ಆರಂಭವಾದ ಬಹಿರಂಗ ವಿಚಾರಣೆಗಳಲ್ಲಿ ಹಲವರು ಮೊದಲ ಬಾರಿಗೆ ಎಲ್ಲರೆದುರು ತಮ್ಮ ನೋವನ್ನು ಹೇಳಿಕೊಂಡರು. ಆದರೆ ಸರ್ಕಾರ 2003ರಲ್ಲಿ ಘೋಷಿಸಿದ ಪರಿಹಾರ ತಲಾ 30,000 ರ‍್ಯಾಂಡ್, ಅದೂ ಒಂದೇ ಬಾರಿ. ಆಯೋಗ ಶಿಫಾರಸು ಮಾಡಿದ್ದಕ್ಕಿಂತ ಬಹಳ ಕಡಿಮೆ. ಕೇಳಿಸಿಕೊಂಡವರು ಕೊಡಬೇಕಾದದ್ದನ್ನು ಕೊಡದಿದ್ದಾಗ ಮಾಯುತ್ತಿದ್ದ ಗಾಯವೂ ಮತ್ತೆ ಕೆರಳುತ್ತದೆ.

ನಿಮ್ಮ ಮೊದಲ ಸಭೆಗಳಲ್ಲಿ ದಯವಿಟ್ಟು ನೋಟ್‌ಬುಕ್ ಚೀಲದಲ್ಲೇ ಇರಲಿ. ಬಾಗಿಲ ಬಳಿ ಕುಳಿತ ಹೆಂಗಸು ಮಾತು ಆರಂಭಿಸಿ, ನೀವು ಪೆನ್ನು ತೆಗೆದೊಡನೆ ಸುಮ್ಮನಾಗುವುದನ್ನು ಒಮ್ಮೆ ಕಂಡರೆ ಕಾರಣ ತಿಳಿಯುತ್ತದೆ. ಯಾರ ಕಥೆಯನ್ನೂ ಒತ್ತಾಯಿಸಿ ಹೇಳಿಸಬೇಡಿ. ಅವರು ಪಡಿತರ, ಜಮೀನಿನ ಹಕ್ಕುಪತ್ರ ಅಥವಾ ಪೊಲೀಸ್ ದೂರಿನ ಪ್ರಸ್ತಾಪ ಮಾಡಿದರೆ, ಅದು ನಿಮ್ಮ ಕೆಲಸವಲ್ಲವೆಂದು ಬದಿಗೆ ಸರಿಸದೆ ಜೊತೆಗೆ ಕಚೇರಿಗೆ ಹೋಗಿ. ಕೇಳಿದ ನೋವು ನಿಮ್ಮ ನಿದ್ದೆಯನ್ನೂ ಕೆಡಿಸಬಹುದು. ಅದನ್ನು ಕ್ಷೇತ್ರಕಾರ್ಯದ ಮೇಲ್ವಿಚಾರಕರ ಬಳಿ ಪ್ರತಿ ವಾರ ಹೇಳಿಕೊಳ್ಳಿ.