ಹೋಂಸ್ಟೇಗೆ ರಾತ್ರಿ ಹನ್ನೊಂದಕ್ಕೆ ಬರುವ ಬುಕಿಂಗ್ ಮೆಸೇಜ್‌ಗೆ ಹತ್ತು ನಿಮಿಷದಲ್ಲಿ ಉತ್ತರ ಕೊಡಲೇಬೇಕಾ?

ಸಕಲೇಶಪುರದ ಹತ್ತಿರ ಎರಡು ರೂಮು ಶುರು ಮಾಡಿದ್ದೀರಿ, ಸ್ವಲ್ಪ ತಡವಾದರೆ ‘ಹಲೋ?’, ‘ಇದ್ದೀರಾ?’ ಅಂತ ಮೇಲಿಂದ ಮೇಲೆ ಬರುತ್ತೆ, ಅತಿಥಿಗಳಿಗೆ ತಾಳ್ಮೆಯೇ ಇಲ್ಲ, ಬೇಗ ಉತ್ತರಿಸೋದು ಹೇಗೆ ಅಂತ ಕೇಳಿದ್ದೀರಿ. ನಾನು ಪಕ್ಕದ ಮೂಡಿಗೆರೆ ತಾಲೂಕಿನವಳು, ನಮ್ಮದು ಮೂರು ರೂಮು. ನಿಮ್ಮ ಪ್ರಶ್ನೆ ಓದಿದ ಕೂಡಲೇ 2023ರ ದಸರಾ ಕಣ್ಣ ಮುಂದೆ ಬಂತು. ಅವತ್ತು ನಾನು ಎರಡೇ ನಿಮಿಷದಲ್ಲಿ ಉತ್ತರ ಕೊಟ್ಟಿದ್ದೆ. ಕೆಟ್ಟದ್ದು ಅಲ್ಲೇ.

ಆ ವರ್ಷ ಆಯುಧಪೂಜೆ ಸೋಮವಾರ, ವಿಜಯದಶಮಿ ಮಂಗಳವಾರ. ಶನಿವಾರ, ಭಾನುವಾರ ಸೇರಿಸಿದರೆ ನಾಲ್ಕು ದಿನ ರಜೆ. ಉಪ್ಪರಿಗೆಯ ಎರಡೂ ರೂಮು ಒಂದು ತಿಂಗಳ ಮುಂಚೆಯೇ ಹೋಗಿದ್ದವು. ಉಳಿದಿದ್ದು ಜಗಲಿ ಪಕ್ಕದ ಕೆಳಗಿನ ರೂಮು ಮಾತ್ರ. ಬುಧವಾರ ರಾತ್ರಿ 11 ದಾಟಿತ್ತು, ವಾಟ್ಸ್ಆ್ಯಪ್‌ಗೆ ಬೆಂಗಳೂರಿನಿಂದ ಒಬ್ಬರ ಮೆಸೇಜ್: ಶನಿವಾರ, ಭಾನುವಾರ ಎರಡು ರಾತ್ರಿ, ಗಂಡ ಹೆಂಡತಿ ಮತ್ತು ನಾಲ್ಕು ವರ್ಷದ ಮಗು, ಬೇಗ ಹೇಳಿ, ಇಲ್ಲದಿದ್ದರೆ ಬೇರೆ ಕಡೆ ನೋಡ್ತೀವಿ. ಆ ‘ಬೇರೆ ಕಡೆ’ ಅನ್ನೋ ಮಾತಿಗೆ ನಾನು ಗಾಬರಿಯಾದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಬರೆದೆ: ‘ಬನ್ನಿ, ನೋಡೋಣ. ಅಡ್ವಾನ್ಸ್ ನಾಳೆ ಹಾಕಿ.’ ಅವರಿಂದ ಒಂದು ಹೆಬ್ಬೆರಳು ಬಂತು. ಮಲಗಿಬಿಟ್ಟೆ.

ತಪ್ಪು ಯಾವುದು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ‘ಡಬಲ್ ಬುಕಿಂಗ್ ಆಯ್ತು’ ಅಂತ ಒಂದೇ ಮಾತಲ್ಲಿ ಮುಗಿಸುತ್ತಾರೆ. ಡಬಲ್ ಬುಕಿಂಗ್ ಆಮೇಲೆ ಆದದ್ದು. ಮೊದಲ ತಪ್ಪು, ಆ ಎರಡು ದಿನಾಂಕಗಳನ್ನ ಬುಕಿಂಗ್ ಆ್ಯಪಿನ ಕ್ಯಾಲೆಂಡರ್‌ನಲ್ಲಿ ಮುಚ್ಚದೆ ಮಾತು ಕೊಟ್ಟಿದ್ದು. ಆ್ಯಪ್ ತೆರೆದು ಮುಚ್ಚೋದಕ್ಕೆ ಅರ್ಧ ನಿಮಿಷ ಸಾಕಿತ್ತು, ಬೆಳಿಗ್ಗೆ ಮಾಡಿದರಾಯ್ತು ಅಂದುಕೊಂಡೆ. ಬೆಳಿಗ್ಗೆ ಕರೆಂಟಿಲ್ಲ. ಆ ವರ್ಷ ಮಳೆ ಕೈಕೊಟ್ಟು ರಾಜ್ಯಕ್ಕೆಲ್ಲ ವಿದ್ಯುತ್ ಕೊರತೆ ಇತ್ತಲ್ಲ. ಕರೆಂಟ್ ಹೋದರೆ ನಮ್ಮಲ್ಲಿ ವೈಫೈ ಹೋಗುತ್ತೆ, ಮೊಬೈಲ್ ಸಿಗ್ನಲ್ ಬೇಕಾದರೆ ಕಾಫಿ ಕಣದ ಆಚೆ ತುದಿಗೆ ಹೋಗಿ ನಿಲ್ಲಬೇಕು. ಕೆಲಸದವರ ಜೊತೆ ತೋಟಕ್ಕೆ ಹೋದೆ. ಮಧ್ಯಾಹ್ನ ವಾಪಸ್ ಬಂದು ನೋಡಿದರೆ ಅದೇ ರೂಮು, ಅದೇ ಎರಡು ರಾತ್ರಿ, ಆ್ಯಪಿನಲ್ಲಿ ಬೇರೊಂದು ಕುಟುಂಬಕ್ಕೆ ಬುಕ್ ಆಗಿದೆ. ದುಡ್ಡೂ ಕಟ್ಟಿದ್ದಾರೆ.

ಆಗಲಾದರೂ ಸರಿಮಾಡಬಹುದಿತ್ತು. ರಾತ್ರಿಯವರಿಗೆ ‘ಕ್ಷಮಿಸಿ, ರೂಮು ಹೋಯಿತು’ ಅಂತ ಒಂದು ಸಾಲು ಕಳಿಸಿದ್ದರೆ ಅವರ ಕೈಲಿ ಇನ್ನೂ ಎರಡು ದಿನ ಇತ್ತು. ಕಳಿಸಲಿಲ್ಲ. ಅಡ್ವಾನ್ಸ್ ಬಂದಿಲ್ಲ, ಅಂದರೆ ಅವರು ಬೇರೆ ಕಡೆ ನೋಡಿಕೊಂಡಿದ್ದಾರೆ ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿದೆ. ಇಲ್ಲ ಅನ್ನೋಕೆ ಸಂಕೋಚ, ಅದಕ್ಕೆ ಆ ತೀರ್ಮಾನ ಹಿತವಾಗಿತ್ತು.

ಇದರ ಬುಡ ನಮ್ಮ ಮಲೆನಾಡಿನ ಮಾತಿನಲ್ಲೇ ಇದೆ. ನಾವು ಯಾರಿಗೂ ಬರಬೇಡಿ ಅನ್ನೋದಿಲ್ಲ. ‘ಬನ್ನಿ’ ಅನ್ನೋದು ಮರ್ಯಾದೆ, ‘ನೋಡೋಣ’ ಅನ್ನೋದು ಹೆಚ್ಚುಕಮ್ಮಿ ಇಲ್ಲ ಅಂತಲೇ. ನೆಂಟರಿಷ್ಟರಿಗೆ ಅದು ಅರ್ಥವಾಗುತ್ತೆ. ಮಗುವಿನ ಬಟ್ಟೆ ಬ್ಯಾಗಿಗೆ ತುಂಬುತ್ತಿರುವವರಿಗೆ ‘ಬನ್ನಿ’ ಅಂದರೆ ಬನ್ನಿ ಅಷ್ಟೇ.

ಶನಿವಾರ ಸಂಜೆ ಆ್ಯಪಿನವರು ಬಂದರು, ಜೊತೆಗೆ ಮಂಡಿನೋವಿನ ಅಜ್ಜಿ. ಕೆಳಗಿನ ರೂಮೇ ಬೇಕು ಅಂತ ಹುಡುಕಿ ಬುಕ್ ಮಾಡಿದ್ದರಂತೆ. ರಾತ್ರಿ ಒಂಬತ್ತೂವರೆಗೆ ನಾಯಿ ಬೊಗಳಿತು. ಗೇಟಿನ ಹತ್ತಿರ ಕಾರು, ಹೆಗಲ ಮೇಲೆ ನಿದ್ದೆ ಹೋದ ಮಗು. ಆತ ಮೊಬೈಲ್ ತೋರಿಸಿ, ‘ಮೇಡಂ, ನೀವೇ ಬನ್ನಿ ಅಂದಿದ್ದಿರಲ್ಲ’ ಅಂದರು. ಜೋರಾಗಿ ಕೂಗಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಕಣದ ತುದಿಯಲ್ಲಿ ನಿಂತು ಗೊತ್ತಿದ್ದ ಹೋಂಸ್ಟೇಗಳಿಗೆಲ್ಲ ಫೋನ್ ಮಾಡಿದೆ. ದಸರಾ, ಎಲ್ಲೂ ಒಂದು ಚಾಪೆ ಹಾಸುವಷ್ಟು ಜಾಗವಿಲ್ಲ. ಅಷ್ಟರಲ್ಲಿ ಅತ್ತೆ ಅವರನ್ನ ಒಳಗೆ ಕರೆದು ಕೂರಿಸಿ ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ನಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ನಾನು, ಅತ್ತೆ ಅಡುಗೆಮನೆಯಲ್ಲಿ ಮಲಗಿದೆವು. ಬೆಳಿಗ್ಗೆ ಆರಕ್ಕೆ, ಕಾಫಿಯನ್ನೂ ಕುಡಿಯದೆ ಅವರು ಹೊರಟರು. ದುಡ್ಡು ಬೇಡ ಅಂದೆ, ಆದರೂ ಜಗಲಿ ಮೇಲೆ 500ರ ಎರಡು ನೋಟು ಇಟ್ಟು ಹೋಗಿದ್ದರು. ವಾರದ ನಂತರ ಮ್ಯಾಪ್‌ನಲ್ಲಿ ಒಂದು ಸ್ಟಾರ್ ಬಂತು: ಊಟ ಚೆನ್ನಾಗಿದೆ, ಮಾತು ನಂಬಬೇಡಿ. ಅದು ಇವತ್ತಿಗೂ ಇದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಅದಕ್ಕೇ ಹೇಳ್ತೀನಿ, ನಿಮ್ಮ ಅತಿಥಿಗಳಿಗೆ ತಾಳ್ಮೆ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ರಾತ್ರಿ 11ಕ್ಕೆ ಕೇಳುವವರು ಮಕ್ಕಳನ್ನ ಮಲಗಿಸಿ, ರಜೆ ಮಂಜೂರಾಯಿತಾ ನೋಡಿ, ಆಗಷ್ಟೇ ಕೂತಿರುತ್ತಾರೆ. ಅವರಿಗೆ ಬೇಕಾಗಿರೋದು ಇದೆ ಅಥವಾ ಇಲ್ಲ. ನಾವು ಎರಡರ ನಡುವೆ ತೂಗುಹಾಕ್ತೀವಿ, ಅದಕ್ಕೆ ‘ಹಲೋ?’ ಬರುತ್ತೆ. ಬೇಗ ಹೇಳಬೇಕಾದ್ದು ಏನಾದರೂ ಇದ್ದರೆ ಅದು ‘ಇಲ್ಲ’ ಅನ್ನೋ ಮಾತು. ‘ಆಯ್ತು’ ಅನ್ನೋದನ್ನ ನಿಧಾನಕ್ಕೇ ಹೇಳಿ.

ನಾನು ಈಗ ಒಂಬತ್ತರ ಮೇಲೆ ಫೋನ್ ಮುಟ್ಟಲ್ಲ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ನಾವಿಲ್ಲದಾಗ ತಾನಾಗಿ ಹೋಗುವ ಉತ್ತರ ಬರೆದಿಡಬಹುದು. ನನ್ನದು ಹೀಗಿದೆ: ‘ರೂಮು ಇದೆಯೋ ಇಲ್ಲವೋ ಬೆಳಿಗ್ಗೆ 8ರೊಳಗೆ ಹೇಳ್ತೀನಿ. ಅಲ್ಲಿಯವರೆಗೆ ಕಾಯಲು ಆಗದಿದ್ದರೆ ದಯವಿಟ್ಟು ಬೇರೆ ಕಡೆ ಬುಕ್ ಮಾಡಿ.’ ಕೆಲವರು ಹೋಗ್ತಾರೆ, ಹೋಗಲಿ. ಏರ್‌ಬಿಎನ್‌ಬಿಯಲ್ಲೇ ಬುಕಿಂಗ್ ಕೋರಿಕೆಗೆ ಉತ್ತರಿಸಲು 24 ಗಂಟೆ ಕೊಡ್ತಾರೆ. ಹತ್ತು ನಿಮಿಷದ ಗಡುವು ನಾವೇ ಹಾಕಿಕೊಂಡದ್ದು.

ಬೆಳಿಗ್ಗೆ ಮೊದಲು ದಿನಾಂಕ ಮುಚ್ಚಿ, ಆಮೇಲೆ ಉತ್ತರ ಬರೀತೀನಿ. ಈ ಕ್ರಮ ತಪ್ಪಿಸಲ್ಲ. ಉತ್ತರ ಹೀಗಿರುತ್ತೆ: ‘ನಿಮಗಾಗಿ ಮಧ್ಯಾಹ್ನ 12ರವರೆಗೆ ಹಿಡಿದಿಟ್ಟಿದ್ದೀನಿ, ಅರ್ಧ ಹಣ ಬಂದರೆ ಖಾಯಂ, ಬಾರದಿದ್ದರೆ ಬಿಡ್ತೀನಿ.’ ಬಿಟ್ಟಾಗಲೂ ತಪ್ಪದೆ ಒಂದು ಸಾಲು ಬರೀತೀನಿ. ಗುರುತಿನ ಚೀಟಿ ವಿಷಯವನ್ನೂ ಅಲ್ಲೇ ಹೇಳಿಬಿಡಿ, ಬಾಗಿಲಲ್ಲಿ ಕೇಳಿದರೆ ಜಗಳ. ವಿದೇಶಿಯರಾದರೆ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಬೇರೆ ಕೊಡಬೇಕು.

ತಾನಾಗಿ ಬುಕ್ ಆಗುವ ಸೌಲಭ್ಯ ಹಾಕಬೇಕಾ ಅಂತಲೂ ಕೇಳಿದ್ದೀರಿ. ಒಂದೇ ಆ್ಯಪ್ ಇಟ್ಟುಕೊಂಡು, ಫೋನಿನಲ್ಲಿ ಕೇಳಿದವರನ್ನೂ ಅಲ್ಲಿಗೇ ಕಳಿಸುವುದಾದರೆ ಹಾಕಿ. ಎರಡು ಮೂರು ಆ್ಯಪ್ ಇದ್ದರೆ ಬೇಡ. ಕ್ಯಾಲೆಂಡರ್‌ಗಳನ್ನ ಲಿಂಕ್ ಮಾಡಿದರೂ ಒಂದರದು ಇನ್ನೊಂದಕ್ಕೆ ತಲುಪೋಕೆ ಗಂಟೆಗಟ್ಟಲೆ ಹಿಡಿಯಬಹುದು, ರಜೆ ಹೊತ್ತಲ್ಲಿ ಅಷ್ಟು ಸಾಕು. ಜೊತೆಗೊಂದು ಕಾಗದದ ಡೈರಿ ಇಡಿ. ಕರೆಂಟ್ ಹೋದಾಗ ಮನೆಯ ಹಿರಿಯರು ಫೋನ್ ಎತ್ತಿದರೂ ಅದನ್ನ ನೋಡಿ ಹೇಳಬಹುದು. ನಮ್ಮತ್ತೆ ಈಗ ‘ಬನ್ನಿ’ ಅನ್ನೋ ಮುಂಚೆ ಕನ್ನಡಕ ಹುಡುಕ್ತಾರೆ.

ನಿಮ್ಮ ಕಡೆ ದಸರಾಕ್ಕೆ ರೂಮು ಉಳಿದರೆ ಇಲ್ಲೇ ಒಂದು ಮಾತು ಬರೆದಿಡಿ. ನಮ್ಮಲ್ಲಿ ಇಲ್ಲ ಅಂದವರಿಗೆ ಹೇಳೋಕೆ ನನಗೊಂದು ಹೆಸರು ಬೇಕಾಗುತ್ತೆ.