ಆ ಹುಡುಗಿಗೆ ಏನು ಹೇಳಿದಿರಿ?

ಮೇಡಂ, ನಮಸ್ಕಾರ.

ಮಂಡ್ಯದಿಂದ ನೀವು ಕಳಿಸಿದ ‘ದ್ವಿಘಾತೀಯ ರೂಪಗಳ ಬೀಜಗಣಿತೀಯ ಸಂಯೋಜನಾ ಸಿದ್ಧಾಂತ’ ಎಂಬ ಲೇಖನವನ್ನು ಎರಡು ಸಲ ಓದಿದೆ. ಎರಡನೇ ಸಲ ಮೈಸೂರಿಗೆ ವಾಪಸ್ ಬರುವ ರೈಲಿನಲ್ಲಿ, ಪೆನ್ಸಿಲ್ ಹಿಡಿದು. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ನಿಮ್ಮ ಏಳನೇ ಪುಟ ನನ್ನನ್ನು ಬಿಡಲಿಲ್ಲ. ಅದಕ್ಕೇ ಈ ಪತ್ರ.

ಆ ಪುಟದಲ್ಲಿ ನೀವು ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತಿದ್ದೀರಿ. 5 ಅಂದರೆ 1² + 2². 13 ಅಂದರೆ 2² + 3². ಎರಡನ್ನೂ ಗುಣಿಸಿದರೆ 65. ಅದೂ ಎರಡು ವರ್ಗಗಳ ಮೊತ್ತವೇ: 1² + 8². ಇನ್ನೊಂದು ರೀತಿಯಲ್ಲಿ 4² + 7². ಆಗ ಹಿಂದಿನ ಬೆಂಚಿನ ಹುಡುಗಿ ಕೇಳುತ್ತಾಳೆ, “ಮೂರು ವರ್ಗ ಕೂಡಿಸಿದರೂ ಹೀಗೇ ಬರುತ್ತಾ ಮಿಸ್?”

ಎಂಥ ಪ್ರಶ್ನೆ ಅದು! ಆದರೆ ಮುಂದಿನ ಸಾಲಿಗೇ ನೀವು, ಎಷ್ಟು ವರ್ಗಗಳ ಮೊತ್ತಕ್ಕೆ ಇಂಥ ಗುಣಾಕಾರ ಸೂತ್ರ ಸಾಧ್ಯ ಎಂದು ಹೇಳುವ, ಗಣಿತಜ್ಞ ಹರ್ವಿಟ್ಸ್‌ನ 1898ರ ಪ್ರಮೇಯಕ್ಕೆ ಹೊರಟುಬಿಟ್ಟಿರಿ. ಹುಡುಗಿ ಅಲ್ಲೇ ಉಳಿದಳು, ಅವಳ ಜೊತೆ ನಾನೂ.

ಉತ್ತರಕ್ಕೆ ದೊಡ್ಡ ಪ್ರಮೇಯ ಬೇಡ. 3 ಅಂದರೆ 1 + 1 + 1. 5 ಅಂದರೆ 4 + 1 + 0. ಎರಡೂ ಮೂರು ವರ್ಗಗಳ ಮೊತ್ತ. ಗುಣಿಸಿದರೆ 15. ಈಗ 9, 4, 1, 0 ಇಟ್ಟುಕೊಂಡು, ಮೂರೇ ಮೂರು ಬಳಸಿ 15 ಮಾಡಲು ಹೇಳಿ. 9 + 4 + 1 ಅಂದರೆ 14. 9 + 4 + 4 ಅಂದರೆ 17. ಎಷ್ಟು ತಿರುಗಿಸಿದರೂ 15 ಬರುವುದಿಲ್ಲ. ನಾಲ್ಕನೆಯದಕ್ಕೆ ಜಾಗ ಕೊಡಿ, 9 + 4 + 1 + 1, ಬಂದೇಬಿಡುತ್ತದೆ. ಓದುಗರು ಇದನ್ನು ಕೈಯಾರೆ ಮಾಡಿ ನೋಡಬೇಕು. ಆಮೇಲೆ, ನಾಲ್ಕು ವರ್ಗಗಳ ಎರಡು ಮೊತ್ತ ಗುಣಿಸಿದರೆ ಮತ್ತೆ ನಾಲ್ಕು ವರ್ಗಗಳ ಮೊತ್ತವೇ ಬರುವ ಸೂತ್ರವನ್ನು ಗಣಿತಜ್ಞ ಆಯ್ಲರ್ 1748ರಲ್ಲಿ ಕಂಡುಕೊಂಡ, ಡೇಗನ್ 1818ರಲ್ಲಿ ಎಂಟರದ್ದು ಅಂದರೆ ಮೈ ಜುಮ್ಮೆನ್ನುತ್ತದೆ. ಮೊದಲೇ ಹೇಳಿದರೆ ಅವು ಬರೀ ಇಸವಿಗಳು, ಅಲ್ವಾ?

ಒಂದು ತಪ್ಪೂ ಇದೆ, ಅದನ್ನು ತಿದ್ದಲೇಬೇಕು. 1, 2, 4, 8 ಬಿಟ್ಟರೆ ಬೇರೆ ಯಾವ ಸಂಖ್ಯೆಗೂ ಇಂಥ ಸೂತ್ರ ಇಲ್ಲ ಎಂದು ಹರ್ವಿಟ್ಸ್ ಹೆಸರಲ್ಲಿ ಬರೆದಿದ್ದೀರಿ. ಎರಡು ಪುಟದ ನಂತರ, ಗಣಿತಜ್ಞ ಫಿಸ್ಟರ್ 1965ರಲ್ಲಿ 16ಕ್ಕೂ ಸೂತ್ರ ಕೊಟ್ಟು ‘ಹರ್ವಿಟ್ಸ್‌ನನ್ನು ಸುಳ್ಳು ಮಾಡಿದ’ ಎಂದಿದ್ದೀರಿ. ಅದು ಹಾಗಲ್ಲ. ಇಬ್ಬರ ಷರತ್ತು ಬೇರೆ. ಹರ್ವಿಟ್ಸ್ ಲೆಕ್ಕದಲ್ಲಿ ಪ್ರತಿ ಪದವೂ ಮೊದಲ ಮೊತ್ತದ ಒಂದು ಚರಾಕ್ಷರ, ಎರಡನೇ ಮೊತ್ತದ ಒಂದು ಚರಾಕ್ಷರ ಗುಣಿಸಿ ಬರಬೇಕು. ಭಾಗಾಕಾರ ಕೂಡದು. ಫಿಸ್ಟರ್ ಭಾಗಾಕಾರಕ್ಕೆ ಒಪ್ಪಿದ. ಆಗ 16, 32, 64, ಹೀಗೆ 2ರ ಯಾವ ಘಾತಕ್ಕೂ ಸೂತ್ರ ಸಿಗುತ್ತದೆ. ಮೂರಕ್ಕಂತೂ ಆಗಲೂ ದಾರಿ ಇಲ್ಲ. ಭಿನ್ನರಾಶಿಗಳನ್ನು ತಂದರೂ 15 ಮೂರು ವರ್ಗಗಳ ಮೊತ್ತ ಆಗುವುದಿಲ್ಲ. ನೋಡಿ, ಆ ಹುಡುಗಿಯ ಪ್ರಶ್ನೆ ಎಲ್ಲಿಗೆ ಬಂದು ಮುಟ್ಟಿತು!

ಬ್ರಹ್ಮಗುಪ್ತನ ಮೇಲಿನ ಮೂರು ಪುಟ ಪೂರ್ತಿ ಹೊಗಳಿಕೆ. ಅವನ ಬಗ್ಗೆ ನನಗೂ ಅಷ್ಟೇ ಗೌರವ ಇದೆ, ಅದಕ್ಕೇ ಹೇಳುತ್ತಿದ್ದೇನೆ: ಸುಮ್ನೆ ಅವನ ಒಂದು ಲೆಕ್ಕ ಮಾಡಿ ತೋರಿಸಿ. 628ರ ಗ್ರಂಥದಲ್ಲಿ ಅವನು ಕೊಟ್ಟ ‘ಭಾವನಾ’ ವಿಧಾನ ಸಂಯೋಜನೆಯೇ ತಾನೆ, ಅಂದರೆ ಎರಡು ಲೆಕ್ಕ ಹೆಣೆದು ಮೂರನೆಯದನ್ನು ಪಡೆಯುವುದು? ಯಾವ ವರ್ಗವನ್ನು 92ರಿಂದ ಗುಣಿಸಿ 1 ಕೂಡಿಸಿದರೆ ಮತ್ತೆ ವರ್ಗವೇ ಬರುತ್ತದೆ? ಅವನ ದಾರಿ ಶುರುವಾಗುವುದು 10² − 92 × 1² = 8ರಿಂದ. ಅದನ್ನು ಅದರೊಂದಿಗೇ ಸಂಯೋಜಿಸಿದರೆ (10² + 92 × 1² = 192, 2 × 10 × 1 = 20) 192² − 92 × 20² = 64. 192, 20 ಎರಡನ್ನೂ 8ರಿಂದ ಭಾಗಿಸಿದರೆ 24 ಮತ್ತು ಎರಡೂವರೆ, ಬಲಗಡೆ 64 ಹೋಗಿ 1. ಎರಡೂವರೆ ನಮಗೆ ಬೇಡ, ಪೂರ್ಣಾಂಕ ಬೇಕು. ಇನ್ನೊಮ್ಮೆ ಹಾಗೇ ಸಂಯೋಜಿಸಿ: 1151² − 92 × 120² = 1. ರೈಲಿನಲ್ಲಿ ನಾನು ಗುಣಿಸಿ ನೋಡಿದೆ. 1151²ಕ್ಕೂ 92 × 120² + 1ಕ್ಕೂ 13,24,801 ಬಂದಾಗ ಆದ ಸಂತೋಷ ನಿಮ್ಮ ಮೂರು ಪುಟದಲ್ಲಿ ಸಿಕ್ಕಿರಲಿಲ್ಲ.

ಲೇಖನದ ಹೆಸರು ಬದಲಿಸಿ. ‘ದ್ವಿಘಾತೀಯ ರೂಪ’ದ ಬದಲು ‘ವರ್ಗರೂಪ’ ಅಂದರೆ ಸಾಕು, ವರ್ಗ ಸಮೀಕರಣ ಕಲಿತವರಿಗೆ ಅದು ಅರ್ಥವಾಗುತ್ತದೆ. ಕ್ಷೇತ್ರಗಳು, ವಿಟ್ ಉಂಗುರ ಎಂಬ ಮೇಲಿನ ಹಂತದ ಬೀಜಗಣಿತ ಇರುವ ಕೊನೆಯ ಆರು ಪುಟ ತೆಗೆದು ಇಟ್ಟುಕೊಳ್ಳಿ. ಅದು ಬೇರೆಯೇ ಲೇಖನ.

ಏಳನೇ ಪುಟದಿಂದ ಶುರು ಮಾಡಿ ಮತ್ತೆ ಕಳಿಸಿ. ಆ ದಿನ ತರಗತಿಯಲ್ಲಿ ಆ ಹುಡುಗಿಗೆ ನೀವು ನಿಜವಾಗಿ ಏನು ಹೇಳಿದಿರಿ ಅನ್ನುವುದನ್ನೂ ಬರೆಯಿರಿ. ಅವತ್ತು ಉತ್ತರ ಗೊತ್ತಿರಲಿಲ್ಲ ಅಂದರೆ, ಹಾಗೇ ಬರೆಯಿರಿ.